ಪ್ರಾಸ ಬಿಡದೆ ಡ್ಯೂಕನನ್ನು ಹಿಡಿದದ್ದು

ಪ್ರಾಸ ಬಿಟ್ಟರಷ್ಟೇ ಬ್ರೌನಿಂಗ್‌ನ ಇಂಗ್ಲಿಷ್ ಕವಿತೆ ಕನ್ನಡ ರಂಗದ ಮೇಲೆ ನಿಲ್ಲುತ್ತದೆ ಅಂತ ಕಲಬುರಗಿಯ ನನ್ನ ನಾಟಕದ ಗೆಳೆಯರೆಲ್ಲ ಹೇಳಿದ್ದರು. "ಸರ, ಪ್ರಾಸ ಇಟ್ರ ಸಾಲಿ ಹುಡುಗರ ಪದ್ಯ ಆಗ್ತದ್ರಿ." ನಾನು ಬಿಡಲಿಲ್ಲ. ಈಗ ಸೇಡಂ, ಬೀದರ್‌ನಲ್ಲೂ ಆಡಿ ಬಂದಿದ್ದೇವೆ. ಹಾಗಾಗಿ ಬರೆಯುವ ಧೈರ್ಯ.

ಬ್ರೌನಿಂಗ್‌ನ 'ಮೈ ಲಾಸ್ಟ್ ಡಚೆಸ್' ಇಂಗ್ಲಿಷ್ ಓದಿದವರಿಗೆಲ್ಲ ಗೊತ್ತು. 1842ರದು. ಇಟಲಿಯ ಫೆರಾರದ ಡ್ಯೂಕ್ ತೀರಿಹೋದ ಹೆಂಡತಿಯ ಚಿತ್ರ ತೋರಿಸುತ್ತಾ, ಹೊಸ ಸಂಬಂಧದ ಮಾತಿಗೆ ಬಂದ ದೂತನ ಮುಂದೆ ಒಬ್ಬನೇ ಮಾತಾಡುತ್ತಾನೆ. 56 ಸಾಲು, ಎಲ್ಲವೂ ಜೋಡಿ ಪ್ರಾಸ. ಆದರೆ ಓದುವಾಗ ಪ್ರಾಸ ಕಿವಿಗೆ ಬೀಳುವುದೇ ಇಲ್ಲ, ವಾಕ್ಯ ಸಾಲು ದಾಟಿ ಓಡುತ್ತಿರುತ್ತದೆ. ಇದನ್ನು ಕನ್ನಡದಲ್ಲಿ ಏಕವ್ಯಕ್ತಿ ಪ್ರಯೋಗ ಮಾಡಬೇಕು ಅಂತ ಹೊರಟೆ.

ಮೊದಲು ಗದ್ಯ. ನಮ್ಮ ನಟ ಕಂಪನಿ ನಾಟಕದಲ್ಲಿ ಪಳಗಿದವನು. ಗದ್ಯ ಕೈಗೆ ಬಂದದ್ದೇ ತಡ, ಮೀಸೆ ತಿರುವಿ ಗುಡುಗಿದ. ಜನ ನಕ್ಕರು.

ಆಮೇಲೆ ಭಾಮಿನಿ ಷಟ್ಪದಿ. ಮುಂದಿನ ಸಾಲಿನಲ್ಲಿ ಕೂತ ಹಿರಿಯರು ಗಮಕ ಅಂದುಕೊಂಡು ತೊಡೆಯ ಮೇಲೆ ತಾಳ ಹಾಕತೊಡಗಿದರು. ತಾಳ ಹೋಗಲಿ, ತೊಂದರೆ ಬೇರೆಯೇ ಇತ್ತು. ಷಟ್ಪದಿಯಲ್ಲಿ ಮೂರನೆಯ, ಆರನೆಯ ಸಾಲಿಗೆ ಉಸಿರು ನಿಲ್ಲುತ್ತದೆ. ಆ ಜಾಗದಲ್ಲಿ ದೂತ ಬೇಕಿದ್ದರೆ ಬಾಯಿ ಹಾಕಬಹುದು. ಈ ಡ್ಯೂಕ್ ಯಾರಿಗೂ ಅಷ್ಟು ಜಾಗ ಬಿಡುವವನಲ್ಲ.

ಮೂರನೆಯದು ಪ್ರಾಸವಿಲ್ಲದ ಸರಳ ರಗಳೆ. ಎಲ್ಲರ ಸಲಹೆಯೂ ಇದೇ ಆಗಿತ್ತು. ಸರಾಗವಾಗಿ ಹರಿಯಿತು. ಆದರೆ ಪ್ರಯೋಗ ಮುಗಿದ ಮೇಲೆ ಒಬ್ಬ ಅಜ್ಜಿ ಬಂದು "ಪಾಪ, ಹೇಂತಿನ್ನ ನೆನಸ್ಕೊಂಡು ಎಷ್ಟ ಮರಗ್ತಾನ" ಅಂದರು. ಕೊಲ್ಲಿಸಿದವನಿಗೆ ಪಾಪ! ಪ್ರಾಸ ತೆಗೆದ ಕೂಡಲೇ ಅವನ ಹಿಡಿತವೂ ಹೋಗಿ, ಬರೀ ಸಜ್ಜನ ವಿಧುರ ಉಳಿದಿದ್ದ.

ಕೊನೆಗೆ ಲಲಿತ ರಗಳೆಗೆ ಕೈ ಹಾಕಿದೆ. ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ, ಎರಡೆರಡು ಸಾಲಿಗೆ ಅಂತ್ಯಪ್ರಾಸ. ಆದಿಪ್ರಾಸ ಬಿಟ್ಟೆ, ಅದಕ್ಕೆ ಬೈದವರೂ ಇದ್ದಾರೆ. ಪ್ರಾಸ ಇರಬೇಕು, ಕೇಳಿಸಬಾರದು. ಇಂಗ್ಲಿಷಿನಲ್ಲಿ ವಾಕ್ಯ ಎಲ್ಲಿ ಬೇಕಾದರೂ ಮುರಿಯುತ್ತದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬಂದು ಕೂರುವುದರಿಂದ ಸಾಲು ತಾನಾಗಿ ನಿಂತುಬಿಡುತ್ತದೆ. ಹಲವು ತಿಂಗಳು ಇಲ್ಲೇ ಸಿಕ್ಕಿಬಿದ್ದಿದ್ದೆ. ದಾರಿ ಸಿಕ್ಕಿದ್ದು ಈ ಜೋಡಿಯಲ್ಲಿ:

ಅವಳ ನಗೆ ಬಂದವರಿಗೆಲ್ಲ ಒಂದೇ. ಬೆಳೆದು
ಬಂತು ಅದು. ಆಜ್ಞೆ ಕೊಟ್ಟೆ. ನಗೆಯೆಲ್ಲವು ಕಳೆದು

ಮುಂದಿನ ಸಾಲು 'ಹೋಯ್ತು' ಅಂತ ಶುರು. 'ಬೆಳೆದು ಬಂತು', 'ಕಳೆದು ಹೋಯ್ತು' ಇವುಗಳ ನಡುವೆ ಯಾವ ಕನ್ನಡಿಗನೂ ನಿಲ್ಲುವುದಿಲ್ಲ. ನಿಲ್ಲಿಸಿದರೂ ನಾಲಿಗೆ ಕೇಳಲ್ಲ. ಹಾಗಾಗಿ 'ಬೆಳೆದು', 'ಕಳೆದು' ಪ್ರಾಸ ಅಲ್ಲೇ ಕೂತಿರುತ್ತದೆ, ನಟ ಅದನ್ನು ತುಳಿದುಕೊಂಡೇ ಮುಂದೆ ಹೋಗುತ್ತಾನೆ. ಮಾತು ಆರಾಮಾಗಿ ಹರಟೆ ಹೊಡೆದ ಹಾಗೆ ಕೇಳುತ್ತದೆ, ಒಳಗೆ ಒಂದು ಮಾತ್ರೆಯೂ ಜಾರಿರುವುದಿಲ್ಲ. ನನಗೆ ಮಾತಿನ ಚಾತುರ್ಯ ಇಲ್ಲ ಅಂತ ಈ ಡ್ಯೂಕ್ ನಡುವೆ ಹೇಳಿಕೊಳ್ಳುತ್ತಾನೆ. ಹೇಳುವುದು 28 ಜೋಡಿಯಲ್ಲಿ ಒಂದು ಪ್ರಾಸವನ್ನೂ ತಪ್ಪಿಸದೆ! ಆ ಸಾಲಿಗೆ ನಟನಿಗೆ ಏನೂ ಮಾಡಬೇಡ ಅಂದೆ. ಹುಬ್ಬು ಕೂಡ ಏರಿಸಬೇಡ.

ಪಕ್ಕದಲ್ಲಿ ರನ್ನನ ದುರ್ಯೋಧನನನ್ನೂ ಪರೀಕ್ಷೆ ಮಾಡಿದೆ, ಸುಮ್ನೆ ಕುತೂಹಲಕ್ಕೆ. 'ನೆಲಕಿರಿವೆನೆಂದು ಬಗೆದಿರೆ ಚಲಕಿರಿವೆಂ' ಕಂದಪದ್ಯ ಎಲ್ಲರಿಗೂ ಬಾಯಿಪಾಠ. ಅಲ್ಲೂ ಸಾಲು ಒಡೆಯುತ್ತದೆ. 'ಪಾಳ್ನೆಲ' ಅನ್ನುವ ಮಾತಿನ 'ಪಾಳ್' ಎರಡನೆಯ ಸಾಲಿನ ತುದಿಗೆ, 'ನೆಲ' ಮೂರನೆಯ ಸಾಲಿನ ಮೊದಲಿಗೆ. ಆದರೆ ರನ್ನನ ಪ್ರಾಸ ಇರುವುದು ಸಾಲಿನ ಮೊದಲಲ್ಲಿ. ಒಡೆದ ಮಾತು ನೇರ ಪ್ರಾಸದ ಮೇಲೇ ಬಂದು ಬಡಿಯುತ್ತದೆ, ಗದೆಯ ಏಟಿನ ಹಾಗೆ. ದುರ್ಯೋಧನ ತನ್ನ ಛಲವನ್ನು ಬಚ್ಚಿಡುವವನಲ್ಲ. ಡ್ಯೂಕ್ ಬಚ್ಚಿಡುತ್ತಾನೆ. ಇಬ್ಬರೂ ಸಾಲು ಮುರಿಯುವವರೇ, ಒಬ್ಬನಿಗೆ ಕರ್ಣನ ಸಾವಿನ ಸಂಕಟ, ಇನ್ನೊಬ್ಬನಿಗೆ ಸಂಕಟವೇ ಇಲ್ಲ. ಇಬ್ಬರನ್ನೂ ಒಂದೇ ಸಂಜೆ ಇಟ್ಟರೆ ಚೆನ್ನಾಗಿರುತ್ತದೆ ಅಂತ ಆಸೆ ಇದೆ, ದುಡ್ಡಿಲ್ಲ.

ದುಡ್ಡಿನ ಮಾತು ಬಂತಲ್ಲ. ಮೊದಲ ವರ್ಷ ಹೆಚ್ಚು ಕಡಿಮೆ 18 ಸಾವಿರ ಹೋಯಿತು, ವಾಪಸ್ ಬಂದದ್ದು ಆರೋ ಏಳೋ ಸಾವಿರ. ಸುಪರ್ ಮಾರ್ಕೆಟ್‌ನಲ್ಲಿ ತಂದ ಮಖಮಲ್ ಪರದೆಗೇ ಎರಡೂವರೆ ಸಾವಿರ. ತೊಗರಿ ವ್ಯಾಪಾರ ಮಾಡುವ ಗೆಳೆಯರೊಬ್ಬರು ಮೂರು ಸಾವಿರ ಕೊಟ್ಟರು. "ಇದರಾಗ ಹಾಡು ಎಷ್ಟ ಅದಾವ್ರಿ?" ಅಂತ ಕೇಳಿದರು. ಒಂದೂ ಇಲ್ಲ ಅಂದಾಗ ಮುಖ ಸಣ್ಣದಾಯಿತು, ಆದರೆ ಕೊಟ್ಟ ದುಡ್ಡು ಕೇಳಲಿಲ್ಲ. ದೊಡ್ಡ ರಂಗಮಂದಿರದ ಬಾಡಿಗೆ ನಮ್ಮ ಕೈಗೆ ಎಟುಕದು, ಸಣ್ಣ ಸಭಾಂಗಣವೇ ಗತಿ.

ಅಲ್ಲಿ ಫ್ಯಾನಿನ ಕಾಟ. ಮೇ ತಿಂಗಳಲ್ಲಿ ಫ್ಯಾನ್ ಹಾಕಿದರೆ ಮಾತು ಕೇಳಲ್ಲ, ಆರಿಸಿದರೆ ಜನ ಕೂರಲ್ಲ. ಡ್ಯೂಕ್ ದನಿ ಏರಿಸುವ ಹಾಗಿಲ್ಲ. ಏರಿಸಿದರೆ ಬಾಗಿದ ಹಾಗೆ, ಅವನು ಯಾರಿಗೂ ಬಾಗುವವನಲ್ಲ. ಅದಕ್ಕೇ ಈಗ ಡಿಸೆಂಬರ್, ಜನವರಿಯಲ್ಲಿ ಮಾತ್ರ ಆಡುತ್ತೇವೆ.

ಮೊನ್ನೆ ಬೀದರ್‌ನಲ್ಲಿ 'ಕಳೆದು ಹೋಯ್ತು' ಬಂದಾಗ ಸಭೆಯಲ್ಲಿ ಏನೂ ಆಗಲಿಲ್ಲ. ಡ್ಯೂಕ್ ವರದಕ್ಷಿಣೆಯ ಮಾತಿಗೆ ದಾಟಿದ. ಅದು ಮುಗಿದು ಕಂಚಿನ ವರುಣನ ವಿಗ್ರಹ ತೋರಿಸಲು ತಿರುಗಿದಾಗ, ಹಿಂದಿನ ಸಾಲಿನಿಂದ ಒಬ್ಬರು ಜೋರಾಗಿಯೇ ಅಂದರು: "ಏ, ಇಂವ ಅಕಿನ್ನ ಕೊಲ್ಲಿಸ್ಯಾನೋ!" ನನಗೆ ಬೇಕಿದ್ದದ್ದು ಸರಿಯಾಗಿ ಆ ತಡ. ಸರಳ ರಗಳೆ ಸಾಕು ಅಂದಿದ್ದ ಗೆಳೆಯ ಪಕ್ಕದಲ್ಲೇ ಕೂತಿದ್ದ. ಚಹಾ ಅವನೇ ಕುಡಿಸಿದ.

ಪರದೆಯನ್ನು ಯಾವ ಸಾಲಿಗೆ ಎಳೆಯುತ್ತೇವೆ ಅನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಪಠ್ಯ ಬೇಕಾದವರು ಜೆರಾಕ್ಸ್ ಖರ್ಚು ಕೊಟ್ಟು ಒಯ್ಯಬಹುದು. ಆ ಪ್ರತಿಯಲ್ಲಿ ಪರದೆಯ ಗುರುತು ಇರುವುದಿಲ್ಲ.