ಮುತ್ಯಾ, ಆಯಿಯರ ಊಟಕ್ಕೆ ಗಂಟೆ ಲೆಕ್ಕ

ಮೇ ತಿಂಗಳ ಕಲಬುರಗಿ. ಹೊರಗೆ 42 ಡಿಗ್ರಿ ಬಿಸಿಲು. ವೃದ್ಧಾಶ್ರಮದ ಒಲೆಯಿಂದ ಅನ್ನ, ಬ್ಯಾಳಿ ಹತ್ತು ಗಂಟೆಗೇ ಇಳಿದಿದೆ. ಊಟ ಒಂದಕ್ಕೆ. ಪಾತ್ರೆ ಎಷ್ಟೇ ಫಳಫಳ ಹೊಳೆಯಲಿ, ಅಪಾಯ ಇರುವುದು ಈ ನಡುವಿನ ಮೂರು ಗಂಟೆಯಲ್ಲಿ. 5ರಿಂದ 60 ಡಿಗ್ರಿವರೆಗಿನ ಬಿಸಿಯಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ನಮಗೆ ಒಂದು ದಿನದಲ್ಲಿ ನಿಲ್ಲುವ ಭೇದಿ ಎಂಬತ್ತರ ಆಯಿಯನ್ನು ಆಸ್ಪತ್ರೆಗೆ ಸೇರಿಸಬಹುದು.

ಹಾಗಾಗಿ ಮೊದಲು ಊಟದ ಹೊತ್ತು ಬರೆದುಕೊಂಡು ಹಿಂದಕ್ಕೆ ಲೆಕ್ಕ ಹಾಕಿ. ಅನ್ನವನ್ನು ಕೊನೆಗೆ ಒಲೆ ಮೇಲೆ ಇಡಿ. ಇಳಿಸಿದ ಅಡುಗೆ ಬಡಿಸುವವರೆಗೂ 60 ಡಿಗ್ರಿಗಿಂತ ಬಿಸಿಯಾಗಿರಬೇಕು. ಕೈಯಿಂದ ಮುಟ್ಟಿ ನೋಡಿದರೆ ಇದು ಗೊತ್ತಾಗಲ್ಲ, ಅಡುಗೆಯ ಥರ್ಮಾಮೀಟರ್ ಒಂದನ್ನು ಕೊಳ್ಳಿ. ಬಿಸಿ ಉಳಿಸಲು ಆಗದಿದ್ದರೆ, ಇಂಥ ಸೆಕೆಯಲ್ಲಿ ಒಂದು ಗಂಟೆಗಿಂತ ಜಾಸ್ತಿ ಹೊರಗಿಡಬೇಡಿ.

ಉಳಿದ ಅನ್ನದ ಬಗ್ಗೆ ತುಂಬಾ ಎಚ್ಚರ ಬೇಕು. ಅದರಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಕುದಿಸಿದರೂ ಅದು ಸಾಯುವುದಿಲ್ಲ. ಅನ್ನ ಹೊರಗೇ ಉಳಿದರೆ ಆ ಬೀಜಕಣ ಮೊಳೆತು ಬ್ಯಾಕ್ಟೀರಿಯಾ ವಿಷ ಬಿಡುತ್ತದೆ. ಆ ವಿಷ ಮತ್ತೆ ಬಿಸಿ ಮಾಡಿದರೂ ಹೋಗದು. ಮಧ್ಯಾಹ್ನ ಹೊರಗೇ ಇದ್ದ ಅನ್ನಕ್ಕೆ ರಾತ್ರಿ ಒಗ್ಗರಣೆ ಹಾಕಿ ಬಡಿಸುವುದು ಬೇಡವೇ ಬೇಡ. ನಮ್ಮ ಕಟಕ್ ರೊಟ್ಟಿಗೆ ಈ ಚಿಂತೆ ಇಲ್ಲ. ನೀರಿನಂಶ ಹೋಗಿರುವುದರಿಂದಲೇ ಅದು ದಿನಗಟ್ಟಲೆ ಕೆಡುವುದಿಲ್ಲ. ಆದರೆ ಹಲ್ಲಿಲ್ಲದ ಮುತ್ಯಾನಿಗಾಗಿ ಅದನ್ನು ಬ್ಯಾಳಿಯಲ್ಲಿ ನೆನೆಸಿದ ಮೇಲೆ ಅದಕ್ಕೂ ಇದೇ ಗಂಟೆ ಲೆಕ್ಕ.

ಅಗಿಯಲು ಆಗದವರ ಊಟವನ್ನು ಮಿಕ್ಸಿಗೆ ಹಾಕುತ್ತೀರಲ್ವಾ? ಜಾರಿಗೆ ಸುಮ್ನೆ ನೀರು ಸುತ್ತಿಸಿದರೆ ಸಾಲದು. ಮುಚ್ಚಳದ ರಬ್ಬರ್ ಬಿಚ್ಚಿ, ಬ್ಲೇಡಿನ ಬುಡವನ್ನು ಬ್ರಷ್‌ನಿಂದ ಉಜ್ಜಿ, ಸೋಪು, ಬಿಸಿನೀರಲ್ಲಿ ತೊಳೆದು ಒಣಗಿಸಿ. ತಟ್ಟೆಗಿಂತ ಜಾಸ್ತಿ ಹಳೇ ಅನ್ನ ಅಡಗುವುದು ಅಲ್ಲೇ.

ಕುಡಿಯುವ ನೀರಿನ ಡ್ರಮ್ಮಿಗೆ ಮುಚ್ಚಳ, ನಲ್ಲಿ ಎರಡೂ ಇರಲಿ. ಅದರೊಳಗೆ ಲೋಟ ಅದ್ದಬೇಡಿ.

ಇನ್ನು ಅಡುಗೆಯವರ ವಿಷಯ. ಸೋಪು ಹಾಕಿ 20 ಸೆಕೆಂಡು ಕೈ ತೊಳೆಯಬೇಕು. ವಾಂತಿ, ಭೇದಿ ಆದವರು ಅದು ನಿಂತು ಎರಡು ದಿನ ಆಗುವವರೆಗೆ ಅಡುಗೆಮನೆಗೆ ಬರಬಾರದು. ಆ ದಿನಗಳ ಸಂಬಳ ಮಾತ್ರ ದಯವಿಟ್ಟು ಹಿಡಿಯಬೇಡಿ. ಹಿಡಿದರೆ ಹೊಟ್ಟೆ ಕೆಟ್ಟಿದ್ದನ್ನು ಮುಚ್ಚಿಟ್ಟು ಕೆಲಸಕ್ಕೆ ಬರುತ್ತಾರೆ.