ಮೊದಲು ಅಟ್ಟ, ಕೊನೆಗೆ ಕಿಟಕಿ: ಮನೆ ಬೆಚ್ಚಗಿಡುವ ಖರ್ಚು ಇಳಿಸಿದ ಕ್ರಮ

ಚಳಿಗಾಲದ ಬಿಲ್ ಕಡಿಮೆ ಮಾಡಬೇಕೆಂದು ಹೊರಟವರು ಹೆಚ್ಚಾಗಿ ಕಿಟಕಿಯಿಂದ ಶುರು ಮಾಡುತ್ತಾರೆ. ಖರ್ಚು ಅಲ್ಲೇ ಜಾಸ್ತಿ, ಹಾಕಿದ ಹಣ ಹುಟ್ಟುವುದು ಅಲ್ಲೇ ನಿಧಾನ. ನಾನು ಅನುಸರಿಸಿದ್ದು ಅದರ ತಲೆಕೆಳಗಾದ ಕ್ರಮ: ಅಳತೆ, ಗಾಳಿಯ ಸೋರಿಕೆ, ಅಟ್ಟದ ಇನ್ಸುಲೇಶನ್ (ಬಿಸಿ ಹೊರಹೋಗದಂತೆ ಹಾಸುವ ಪದರ), ಮನೆ ಬೆಚ್ಚಗಿಡುವ ನೀರನ್ನು ಕಾಯಿಸುವ ಬಾಯ್ಲರಿನ ಸೆಟ್ಟಿಂಗ್, ಇಷ್ಟಾದ ಮೇಲೆ ಕಿಟಕಿ. ಕ್ರಮ ತಪ್ಪಿದರೆ ಕೆಲಸವೂ ಕೆಡುತ್ತದೆ. ಅಟ್ಟದ ಮೇಲೆ ಒಮ್ಮೆ ಗಾಜಿನ ಉಣ್ಣೆ (ಗಾಜಿನ ಎಳೆಗಳ ಮೆತ್ತನೆ ಹಾಸು) ಹಾಸಿಬಿಟ್ಟರೆ ಕೆಳಗಿನ ಸಂದುಗಳು ಮುಚ್ಚಿಹೋಗುತ್ತವೆ. ಆಮೇಲೆ ಅವನ್ನು ಹುಡುಕಿ ಸೀಲ್ ಮಾಡಲು ಎಲ್ಲವನ್ನೂ ಎತ್ತಬೇಕು.

ಅಳತೆಗೆ ಬಿಲ್ ನಂಬಬೇಡಿ. ದರ ಬದಲಾಗುತ್ತದೆ, ಚಳಿಯೂ ಬದಲಾಗುತ್ತದೆ. ವಾರಕ್ಕೊಮ್ಮೆ ಒಂದೇ ಹೊತ್ತಿಗೆ ಮೀಟರ್ ಓದಿ ಬರೆದಿಡಿ, ಜೊತೆಗೆ ಆ ವಾರದ ಡಿಗ್ರಿ-ದಿನಗಳನ್ನು ಲೆಕ್ಕ ಹಾಕಿ. ಹೊರಗಿನ ಸರಾಸರಿ ತಾಪಮಾನ 15.5 ಡಿಗ್ರಿಗಿಂತ ಎಷ್ಟು ಕೆಳಗಿದೆಯೋ ಅಷ್ಟು ಆ ದಿನದ ಲೆಕ್ಕ. ಸರಾಸರಿ 5.5 ಡಿಗ್ರಿ ಇದ್ದರೆ 10 ಡಿಗ್ರಿ-ದಿನ. ವಾರದಲ್ಲಿ 70 ಡಿಗ್ರಿ-ದಿನಕ್ಕೆ 350 ಯೂನಿಟ್ ಖರ್ಚಾದರೆ ಮನೆಯ ಅಂಕಿ 5. ಕೆಲಸ ಮುಗಿದ ಮೇಲೆ 90 ಡಿಗ್ರಿ-ದಿನದ ವಾರದಲ್ಲಿ 360 ಯೂನಿಟ್ ಆದರೆ ಅಂಕಿ 4. ಬಿಲ್ ಏರಿದೆ, ಆದರೆ ಮನೆ ಶೇ. 20ರಷ್ಟು ಸುಧಾರಿಸಿದೆ. ಅಡುಗೆಗೂ ಸ್ನಾನದ ಬಿಸಿನೀರಿಗೂ ಅದೇ ಇಂಧನವಾದರೆ, ಬೇಸಿಗೆಯ ವಾರದ ಬಳಕೆಯನ್ನು ಮೊದಲೇ ಕಳೆದುಬಿಡಿ.

ಇನ್ನು ಸೋರಿಕೆ. ಬಿಸಿಗಾಳಿ ಮೇಲಕ್ಕೇರಿ ಅಟ್ಟದ ಸಂದುಗಳಿಂದ ಹೊರಬೀಳುತ್ತದೆ, ಆ ಜಾಗ ತುಂಬಲು ತಣ್ಣನೆ ಗಾಳಿ ಕೆಳಗಿನ ಬಾಗಿಲು, ನೆಲದ ಸಂದುಗಳಿಂದ ಒಳನುಗ್ಗುತ್ತದೆ. ಹಾಗಾಗಿ ಕಾಲಿಗೆ ಚಳಿ ಹೊಡೆಯುವ ಮನೆಯಲ್ಲಿ ಎಷ್ಟೋ ಸಲ ರಿಪೇರಿ ತಲೆಯ ಮೇಲಿರುತ್ತದೆ. ಲೆಕ್ಕ ಸುಲಭ: ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಏರಿಸಲು ಸುಮಾರು 0.33 ವ್ಯಾಟ್-ಗಂಟೆ ಬೇಕು. 250 ಘನ ಮೀಟರ್ ಮನೆ, ಒಳಗೂ ಹೊರಗೂ 15 ಡಿಗ್ರಿ ವ್ಯತ್ಯಾಸ, ಗಂಟೆಗೊಮ್ಮೆ ಪೂರ್ತಿ ಗಾಳಿ ಬದಲಾದರೆ 1,240 ವ್ಯಾಟ್ ನಷ್ಟ. ಅದನ್ನು ಅರ್ಧಕ್ಕೆ ಇಳಿಸಿದರೆ ದಿನಕ್ಕೆ ಸುಮಾರು 15 ಯೂನಿಟ್ ಉಳಿತಾಯ.

ಹುಡುಕಲು ಊದುಬತ್ತಿ ಸಾಕು. ಗಾಳಿ ಬೀಸುವ ಚಳಿ ದಿನ ಬಾಯ್ಲರ್, ಒಲೆ ಆರಿಸಿ, ಕಿಟಕಿ ಬಾಗಿಲು ಮುಚ್ಚಿ, ಅಡುಗೆಮನೆ ಮತ್ತು ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ಹಾಕಿ. ಒಳಗೆ ಒತ್ತಡ ಕುಸಿದು ಪ್ರತಿ ಸಂದಿನಿಂದಲೂ ಗಾಳಿ ಒಳಬರುತ್ತದೆ, ಹೊಗೆ ಅಡ್ಡಕ್ಕೆ ಹಾರುತ್ತದೆ. ಹಣ ಕೊಟ್ಟು, ಬಾಗಿಲಿಗೆ ದೊಡ್ಡ ಫ್ಯಾನ್ ಕೂರಿಸಿ ಮಾಡುವ ಬ್ಲೋವರ್ ಡೋರ್ ಪರೀಕ್ಷೆ ಮಾಡಿಸಿದರೂ ತತ್ವ ಅದೇ, 50 ಪಾಸ್ಕಲ್ ಒತ್ತಡದ ವ್ಯತ್ಯಾಸದಲ್ಲಿ ಅಳೆದು ಅಂಕಿ ಕೊಡುತ್ತಾರೆ, ಅಷ್ಟೇ. ಅಟ್ಟದಲ್ಲಿ ಹಳೆಯ ಗಾಜಿನ ಉಣ್ಣೆ ಇದ್ದರೆ ಇನ್ನೊಂದು ಗುರುತು ಸಿಗುತ್ತದೆ: ಅದನ್ನು ಎತ್ತಿ ನೋಡಿದಾಗ ಕಪ್ಪಾಗಿರುವ ಜಾಗದ ಕೆಳಗೆ ಸೋರಿಕೆ ಇದೆ. ಉಣ್ಣೆ ಗಾಳಿಯನ್ನು ತಡೆದಿಲ್ಲ, ಧೂಳು ಸೋಸಿದೆ. ಗಾಳಿಯಲ್ಲಿ ಬರೀ ಸ್ವೆಟರ್ ಹಾಕಿ ನಿಂತ ಹಾಗೆ. ಹಳೆಯ ಮನೆಯ ಅಟ್ಟದಲ್ಲಿ ಹೊಳೆಯುವ ಚಿಕ್ಕ ಉಂಡೆಗಳಂಥ ವರ್ಮಿಕ್ಯುಲೈಟ್ ಕಂಡರೆ ಮಾತ್ರ ಮುಟ್ಟಬೇಡಿ. ಅದರಲ್ಲಿ ಕಲ್ನಾರು ಇರಬಹುದು, ಪರೀಕ್ಷೆ ಮಾಡಿಸಿದ ಮೇಲೇ ಮುಂದಿನ ಮಾತು.

ಸಂದಿನ ಅಗಲ ನೋಡಿ ಸಾಮಾನು ಆರಿಸಬೇಕು. 6 ಮಿ.ಮೀ. ತನಕ ಅಕ್ರಿಲಿಕ್ ಸೀಲಂಟ್ ನಡೆಯುತ್ತದೆ. ಅದಕ್ಕಿಂತ ಅಗಲವಾದರೆ ಒಳಗೆ ಫೋಮ್ ಹುರಿ ತುರುಕಿ ಮೇಲೆ ಸೀಲಂಟ್ ಎಳೆಯಬೇಕು, ಇಲ್ಲದಿದ್ದರೆ ಒಣಗಿದಾಗ ನಡುವೆ ಸೀಳುತ್ತದೆ. ಪೈಪ್, ವೈರ್ ಹಾಯುವ ದೊಡ್ಡ ತೂತಿಗೆ ಉಬ್ಬುವ ಫೋಮ್. ಬಾಗಿಲು, ಕಿಟಕಿಯ ಚೌಕಟ್ಟಿನ ಸುತ್ತ ಕಡಿಮೆ ಉಬ್ಬುವ ಜಾತಿಯದ್ದನ್ನೇ ಬಳಸಿ. ಸಾಮಾನ್ಯ ಫೋಮ್ ಚೌಕಟ್ಟನ್ನು ಬಾಗಿಸಿ ಬಾಗಿಲು ಬಿಗಿ ಮಾಡುತ್ತದೆ. ಚಿಮಣಿಯ ಸುತ್ತ ಫೋಮ್ ಬೇಡವೇ ಬೇಡ. ಅಲ್ಲಿ ತಗಡು ಕತ್ತರಿಸಿ ಕೂರಿಸಿ, ಅಂಚಿಗೆ ಹೆಚ್ಚು ಶಾಖ ತಡೆಯುವ ಸೀಲಂಟ್ ಹಾಕಬೇಕು. ಬಾಗಿಲಿನ ಅಂಚಿಗೆ ಅಂಟಿಸುವ ಅಗ್ಗದ ಸ್ಪಂಜ್ ಪಟ್ಟಿ ಬೇಗ ಚಪ್ಪಟೆಯಾಗುತ್ತದೆ. ಇಪಿಡಿಎಂ ರಬ್ಬರ್ ಅಥವಾ ಸಿಲಿಕೋನ್ ಪಟ್ಟಿ ತನ್ನ ಆಕಾರಕ್ಕೆ ಮರಳುತ್ತದೆ, ಅದಕ್ಕೇ ಹಣ ಹಾಕಿ.

ಬಿಸಿಗಾಳಿಯ ನಾಳಗಳಿರುವ ಮನೆಯಾದರೆ ನಾಳದ ಕೀಲುಗಳಿಗೆ ಮಾಸ್ಟಿಕ್ ಎಂಬ ಗಟ್ಟಿ ಲೇಪ ಬಳಿಯಿರಿ. ಬಟ್ಟೆಯ ಡಕ್ಟ್ ಟೇಪ್ ಹೆಸರಿಗಷ್ಟೇ ಡಕ್ಟಿನದು, ಬಿಸಿಗೆ ಅಂಟು ಒಣಗಿ ಕಳಚುತ್ತದೆ.

ಅಟ್ಟದ ಮುಚ್ಚಳವನ್ನು ಎಲ್ಲರೂ ಮರೆಯುತ್ತಾರೆ. 80 ಚದರ ಮೀಟರ್ ಅಟ್ಟಕ್ಕೆ 300 ಮಿ.ಮೀ. ಉಣ್ಣೆ ಹಾಸಿದರೆ ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 10 ವ್ಯಾಟ್ ಸೋರುತ್ತದೆ. ಬರಿದಾಗಿ ಬಿಟ್ಟ ಅರ್ಧ ಚದರ ಮೀಟರ್ ಮುಚ್ಚಳ ಒಂದರಿಂದಲೇ 1 ವ್ಯಾಟ್‌ಗಿಂತ ಹೆಚ್ಚು. ಮುಚ್ಚಳದ ಬೆನ್ನಿಗೆ 100 ಮಿ.ಮೀ. ಫೋಮ್ ಹಲಗೆ ಅಂಟಿಸಿ, ಸುತ್ತ ರಬ್ಬರ್ ಪಟ್ಟಿ ಹಾಕಿ, ಒತ್ತಿ ಹಿಡಿಯುವ ಚಿಲಕ ಕೂರಿಸಿ. ಚಿಲಕವಿಲ್ಲದೆ ರಬ್ಬರ್ ಪಟ್ಟಿ ಹಾಕಿದರೆ ಮುಚ್ಚಳ ಅದರ ಮೇಲೆ ತೇಲಿಕೊಂಡು ನಿಲ್ಲುತ್ತದೆ.

ಉಣ್ಣೆ ಎಷ್ಟು ದಪ್ಪ ಬೇಕು? 20 ಡಿಗ್ರಿ ವ್ಯತ್ಯಾಸದಲ್ಲಿ ಅದೇ 80 ಚದರ ಮೀಟರ್ ಬರಿ ಛಾವಣಿ ಸುಮಾರು 3,700 ವ್ಯಾಟ್ ಕಳೆಯುತ್ತದೆ. 100 ಮಿ.ಮೀ. ಹಾಸಿದರೆ 550, 200ಕ್ಕೆ 300, 300ಕ್ಕೆ 200. ಮೊದಲ ಪದರವೇ ಬಹುಪಾಲು ಕೆಲಸ ಮುಗಿಸುತ್ತದೆ. ಈಗಾಗಲೇ 200 ಇದ್ದರೆ ಇನ್ನಷ್ಟು ಹಾಸುವ ಹಣವನ್ನು ಸೋರಿಕೆಗೆ ಹಾಕುವುದು ಲೇಸು. ಮೊದಲ ಪದರ ತೊಲೆಗಳ ನಡುವೆ, ಎರಡನೆಯದು ತೊಲೆಗಳಿಗೆ ಅಡ್ಡವಾಗಿ, ಮರದ ಮೂಲಕ ಹೋಗುವ ಬಿಸಿಯನ್ನೂ ತಡೆಯುವಂತೆ. ಒತ್ತಿ ತುರುಕಬೇಡಿ; 200 ಮಿ.ಮೀ. ಉಣ್ಣೆಯನ್ನು 100ಕ್ಕೆ ಅದುಮಿದರೆ ಸಿಗುವುದು 100ರ ಆಸುಪಾಸಿನ ಫಲವೇ. ಸೂರಿನ ಅಂಚಿನ ಗಾಳಿಕಿಂಡಿಗಳ ಬಳಿ 50 ಮಿ.ಮೀ. ದಾರಿ ಬಿಡಿ. ಶವರ್, ಹೀಟರಿನಂಥ ಭಾರಿ ವೈರುಗಳು ಉಣ್ಣೆಯ ಮೇಲಿರಲಿ, ಒಳಗೆ ಹೂತರೆ ಕಾಯುತ್ತವೆ. ಛಾವಣಿಯೊಳಗೆ ಹುದುಗಿಸಿದ ಹಳೆಯ ದೀಪಗಳ ಮೇಲೂ ಉಣ್ಣೆ ಬೇಡ, ಮುಚ್ಚಬಹುದಾದ ದೀಪ ಹಾಕಿಸಿ. ಇನ್ನೊಂದು: ಕೆಲಸ ಮುಗಿದ ಮೇಲೆ ಅಟ್ಟ ಮೊದಲಿಗಿಂತ ತಣ್ಣಗಾಗುತ್ತದೆ. ಅಲ್ಲಿರುವ ನೀರಿನ ಪೈಪುಗಳಿಗೆ ಹೊದಿಕೆ ಹಾಕದಿದ್ದರೆ ಹೆಪ್ಪುಗಟ್ಟಿ ಒಡೆಯುತ್ತವೆ. ನೀರಿನ ಟ್ಯಾಂಕಿಗೆ ಸುತ್ತಲೂ ಮೇಲೂ ಹೊದಿಕೆ ಸರಿ, ಅಡಿಯಲ್ಲಿ ಮಾತ್ರ ಖಾಲಿ ಬಿಡಿ. ಕೆಳಗಿನ ಕೋಣೆಯ ಬಿಸಿ ಅದನ್ನು ಕಾಪಾಡುತ್ತದೆ.

ಮನೆ ಬಿಗಿಯಾದಷ್ಟೂ ತೇವ ಒಳಗೇ ಉಳಿಯುತ್ತದೆ. 20 ಡಿಗ್ರಿ, ಶೇ. 50 ಆರ್ದ್ರತೆಯ ಗಾಳಿ 9 ಡಿಗ್ರಿಯ ಮೇಲ್ಮೈ ಮುಟ್ಟಿದರೆ ಬೆವರುತ್ತದೆ. ಕಪಾಟಿನ ಹಿಂದಿನ ಮೂಲೆಯಲ್ಲಿ ಬೂಷ್ಟು ಬರುವುದು ಇದರಿಂದಲೇ. ಕಿಟಕಿಯ ಮೇಲಿನ ಗಾಳಿಕಿಂಡಿ ಮುಚ್ಚಬೇಡಿ, ಬಚ್ಚಲಿನ ಫ್ಯಾನಿನ ಕೊಳವೆ ಅಟ್ಟದಲ್ಲಿ ಬಾಯ್ತೆರೆದು ನಿಲ್ಲದೆ ಛಾವಣಿಯ ಹೊರಗೆ ಹೋಗಲಿ. ಕೋಣೆಯ ಗಾಳಿಯನ್ನೇ ಬಳಸಿ ಉರಿಯುವ ಒಲೆ, ಬಾಯ್ಲರ್ ಇದ್ದರೆ ಸೀಲ್ ಮಾಡಿದ ಮೇಲೆ ಎಕ್ಸಾಸ್ಟ್ ಫ್ಯಾನುಗಳನ್ನೆಲ್ಲ ಹಾಕಿ ಹೊಗೆ ಹಿಂದಕ್ಕೆ ಬರುತ್ತದೆಯೇ ಎಂದು ತಜ್ಞರಿಂದ ನೋಡಿಸಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು ಎಂಬುದು ನನ್ನ ಖಡಾಖಂಡಿತ ಮಾತು.

ಬಾಯ್ಲರಿನಲ್ಲಿ ಪುಕ್ಕಟೆ ಉಳಿತಾಯವಿದೆ. ಕಂಡೆನ್ಸಿಂಗ್ ಬಾಯ್ಲರ್ (ಹೊಗೆಯಲ್ಲಿನ ಹಬೆಯನ್ನು ನೀರಾಗಿಸಿ ಅದರ ಬಿಸಿಯನ್ನೂ ಹಿಡಿಯುವಂಥದ್ದು) ತನ್ನ ಹೆಸರಿಗೆ ತಕ್ಕಂತೆ ನಡೆಯಬೇಕಾದರೆ ಕೋಣೆ ಕಾಯಿಸುವ ರೇಡಿಯೇಟರಿನಿಂದ ಮರಳುವ ನೀರು ಸುಮಾರು 55 ಡಿಗ್ರಿಗಿಂತ ಕೆಳಗಿರಬೇಕು. ಕಳಿಸುವ ನೀರನ್ನೇ 80ಕ್ಕೆ ಇಟ್ಟಿದ್ದರೆ ಅದು ಆಗುವುದೇ ಇಲ್ಲ. 60ಕ್ಕೆ ಇಳಿಸಿ ನೋಡಿ. ಕಡುಚಳಿಯ ದಿನ ಕೋಣೆ ಬೆಚ್ಚಗಾಗದಿದ್ದರೆ 5 ಡಿಗ್ರಿ ಏರಿಸಿ. ಬಿಸಿನೀರು ಸಂಗ್ರಹಿಸುವ ಸಿಲಿಂಡರ್ ಇದ್ದರೆ ಅದರೊಳಗಿನ ನೀರು ಮಾತ್ರ 60 ಮುಟ್ಟಲೇಬೇಕು, ಇಲ್ಲವಾದರೆ ಶ್ವಾಸಕೋಶಕ್ಕೆ ರೋಗ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುವ ಭಯ. ರೇಡಿಯೇಟರ್ ಮೇಲ್ಭಾಗ ತಣ್ಣಗಿದ್ದರೆ ಗಾಳಿ ಸೇರಿದೆ, ಕೀಲಿ ತಿರುಗಿಸಿ ಬಿಡಬೇಕು. ಕೆಳಭಾಗ ತಣ್ಣಗಿದ್ದರೆ ಕೆಸರು ಕೂತಿದೆ, ತೊಳೆಸಬೇಕು. ಬಾಯ್ಲರಿಗೆ ಹತ್ತಿರದ ರೇಡಿಯೇಟರ್ ಸುಡುತ್ತಾ ದೂರದ್ದು ಬೆಚ್ಚಗಷ್ಟೇ ಆದರೆ, ಹತ್ತಿರದ್ದರ ಲಾಕ್‌ಶೀಲ್ಡ್ ವಾಲ್ವನ್ನು (ಮುಚ್ಚಳದ ಕೆಳಗಿದ್ದು ನೀರಿನ ಹರಿವು ಹೊಂದಿಸುವ ವಾಲ್ವ್) ಕಾಲು ಸುತ್ತಷ್ಟೇ ತೆರೆದು ಉಳಿಯುವಂತೆ ಮುಚ್ಚಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ.

ಕೋಣೆಯ ತಾಪಮಾನ ನಿಗದಿ ಮಾಡುವ ಥರ್ಮೋಸ್ಟ್ಯಾಟ್ ಒಂದು ಡಿಗ್ರಿ ಇಳಿಸಿದರೆ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಒಂದೇ ಅಂಕಿ ಇಲ್ಲ. ಒಳಗೆ 20, ಹೊರಗೆ ಸರಾಸರಿ 5 ಇದ್ದರೆ ಹದಿನೈದರಲ್ಲಿ ಒಂದು ಭಾಗ, ಅಂದರೆ ಶೇ. 6ರಿಂದ 7. ಬೇಗ ಬೆಚ್ಚಗಾಗಲಿ ಎಂದು ಅದನ್ನು 28ಕ್ಕೆ ತಿರುಗಿಸಿದರೆ ಕೋಣೆ ಅದೇ ವೇಗದಲ್ಲೇ ಕಾಯುತ್ತದೆ, ನಿಲ್ಲುವುದು ಮಾತ್ರ ತಡವಾಗುತ್ತದೆ.

ಕಿಟಕಿಗೆ ಬಂದರೆ, ಒಂಟಿ ಗಾಜನ್ನು ಜೋಡಿ ಗಾಜಾಗಿ ಮಾಡಿದರೆ ಗಾಜಿನ ನಷ್ಟ ಅರ್ಧವಾಗುತ್ತದೆ. ಆದರೆ ಚೌಕಟ್ಟಿನ ಒಳಬದಿಗೆ ಎರಡು ಬದಿ ಅಂಟಿನ ಟೇಪಿನಿಂದ ಕುಗ್ಗುವ ಪ್ಲಾಸ್ಟಿಕ್ ಹಾಳೆ ಹಚ್ಚಿ ಹೇರ್ ಡ್ರೈಯರಿನಿಂದ ಬಿಗಿ ಮಾಡಿದರೆ ಹೆಚ್ಚುಕಡಿಮೆ ಅದೇ ಫಲ ಒಂದು ಚಳಿಗಾಲದ ಮಟ್ಟಿಗೆ ಸಿಗುತ್ತದೆ. ಟೇಪ್ ಹಚ್ಚುವ ಮುಂಚೆ ಚೌಕಟ್ಟನ್ನು ಸ್ಪಿರಿಟ್‌ನಿಂದ ಒರೆಸಿ, ಒಣ ದಿನ ಆರಿಸಿಕೊಳ್ಳಿ. ಸಿಕ್ಕಿಬಿದ್ದ ತೇವ ಗಾಜಿನ ಮೇಲೆ ಇಳಿಯುತ್ತಲೇ ಇರುತ್ತದೆ. ತುರ್ತಿಗೆ ಹೊರಬೀಳಲು ಬೇಕಾದ ಕಿಟಕಿಗೆ ಹಚ್ಚಬೇಡಿ. ದಪ್ಪ ಪರದೆ ರಾತ್ರಿ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ರೇಡಿಯೇಟರ್ ಮೇಲೆ ಇಳಿಬೀಳದೆ ಕಿಟಕಿಯ ಕೆಳಕಟ್ಟೆಗೇ ನಿಲ್ಲಬೇಕು. ಉದ್ದವಾದರೆ ಬಿಸಿಯೆಲ್ಲ ಪರದೆಯ ಹಿಂದೆ ಸೇರಿ ಗಾಜಿನ ಕಡೆಗೇ ಹೋಗುತ್ತದೆ, ಅಲ್ಲೇ ಇರುವ ಥರ್ಮೋಸ್ಟ್ಯಾಟಿಕ್ ವಾಲ್ವ್ ಕೋಣೆ ಬೆಚ್ಚಗಾಯಿತೆಂದು ತಿಳಿದು ನೀರು ನಿಲ್ಲಿಸಿಬಿಡುತ್ತದೆ.