ಸಿನಿಮಾ ಆರಿಸೋ ಮುಂಚೆ ಸೋಫಾ ನೋಡಿ

ಶನಿವಾರ ಸಾಯಂಕಾಲ ನಮ್ಮನೆ ಹಾಲಿನಲ್ಲಿ ಆರು ಜನ ಒಟ್ಟಿಗೆ ಕೂತು ಒಂದು ಸಿನಿಮಾ ನೋಡುತ್ತೇವೆ. ನಾಲ್ಕು ವರ್ಷದಿಂದ ನಡೆದುಕೊಂಡು ಬಂದಿರುವ ಪದ್ಧತಿ. ನಮ್ಮ ಯಜಮಾನರಿಗೆ 79, ಎಡಗಿವಿ ಸ್ವಲ್ಪ ಮಂದ. ನನಗೆ 72. ಮಗ, ಸೊಸೆ, 14 ವರ್ಷದ ಮೊಮ್ಮಗಳು, 8 ವರ್ಷದ ಮೊಮ್ಮಗ. ಈ ವಿಷಯ ನೆಂಟರಿಷ್ಟರಿಗೆಲ್ಲ ಗೊತ್ತಾಗಿ, "ಮನೆಮಂದಿಯೆಲ್ಲ ಕೂತು ನೋಡೋ ಅಂಥದ್ದು ಒಂದು ಹೇಳಿ ಅಕ್ಕಾ" ಅಂತ ಫೋನ್ ಮಾಡುತ್ತಿರುತ್ತಾರೆ. ನಾನು ಸಿನಿಮಾ ಹೆಸರು ಹೇಳುವ ಮುಂಚೆ, "ಯಾರ್ಯಾರು ಕೂರ್ತೀರಿ, ಚಿಕ್ಕದಕ್ಕೆ ಎಷ್ಟು ವಯಸ್ಸು, ಮನೆಯಲ್ಲಿ ಈಚೆಗೆ ಏನಾದರೂ ಸಾವುನೋವು ಆಗಿದೆಯಾ?" ಅಂತ ಕೇಳುತ್ತೇನೆ. ಅವರಿಗೆ ಸೋಜಿಗ. ಸಿನಿಮಾ ಕೇಳಿದರೆ ಜಾತಕ ಕೇಳ್ತಾಳಲ್ಲ ಇವಳು ಅಂತ.

ಈ ಬುದ್ಧಿ ನನಗೆ ಬಂದದ್ದು ಎಡವಿಯೇ. ಮೊಮ್ಮಗನಿಗೆ ಆಗ 5 ವರ್ಷ. ದೇವರ ಚಿತ್ರ, ರಾಜ್‌ಕುಮಾರ್ ಇದ್ದಾರೆ, ಪುಟ್ಟ ಪುನೀತ್ ಪ್ರಹ್ಲಾದನಾಗಿದ್ದಾನೆ, ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು ಅಂತ ಹಿಂದುಮುಂದು ಯೋಚಿಸದೆ 1983ರ 'ಭಕ್ತ ಪ್ರಹ್ಲಾದ' ಹಾಕಿಸಿದೆ. ಹಾಡು ಬಂದಾಗ ಮಗು ನನ್ನ ತೊಡೆಯ ಮೇಲೆ ಕೂತು ತಾಳ ಹಾಕಿತು. ಕೊನೆಗೆ ಕಂಬ ಒಡೆದು ನರಸಿಂಹ ಬಂದನಲ್ಲ, ಆಗ ನನ್ನ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡದ್ದು ಬಿಡಲೇ ಇಲ್ಲ. ಆಮೇಲೆ ಹದಿನೈದು ದಿನ ಹಾಲಿನಿಂದ ಅಡುಗೆಮನೆಗೆ ಬರುವ ದಾರಿಯಲ್ಲಿರುವ ಕಂಬದ ಹತ್ತಿರ ಸುಳಿಯುತ್ತಿರಲಿಲ್ಲ. ಗೋಡೆಗೆ ಒರಗಿಕೊಂಡೇ ಬರುವುದು. ಸಿನಿಮಾದ್ದೇನೂ ತಪ್ಪಿಲ್ಲ, ಅದು ಇರಬೇಕಾದ್ದೇ ಹಾಗೆ. ನಾವೆಲ್ಲ ಹರಿಕಥೆಯಲ್ಲಿ, ಬಯಲಾಟದಲ್ಲಿ ನರಸಿಂಹನನ್ನು ನೂರು ಸಲ ಕಂಡು ಬೆಳೆದವರು, ನಮಗೆ ಅದು ಹೊಟ್ಟೆ ಬಗೆಯುವ ದೃಶ್ಯ ಅಂತಲೇ ಅನ್ನಿಸಿರಲಿಲ್ಲ. ಐದು ವರ್ಷದ ಮಗುವಿಗೆ ಅದು ಬರೀ ಹೊಟ್ಟೆ ಬಗೆಯುವ ದೃಶ್ಯ, ಅಷ್ಟೆ.

ಸರ್ಟಿಫಿಕೇಟ್ ನೋಡಿ ಆರಿಸಬಾರದೇ ಅಂತ ಕೇಳುತ್ತೀರಿ. ನೋಡಿ, ಖಂಡಿತ ನೋಡಿ. ಸೆನ್ಸಾರ್ ಮಂಡಳಿಯವರು ಮೊದಲು ಯು (ಎಲ್ಲರೂ ನೋಡಬಹುದು), ಯು/ಎ (ಚಿಕ್ಕ ಮಕ್ಕಳಾದರೆ ದೊಡ್ಡವರ ಮಾರ್ಗದರ್ಶನ ಬೇಕು), ಎ (ದೊಡ್ಡವರಿಗೆ ಮಾತ್ರ) ಅಂತ ಕೊಡುತ್ತಿದ್ದರು. ನಡುವಿನ ಆ ಯು/ಎ ಇತ್ತಲ್ಲ, ಅದರೊಳಗೆ ಎಲ್ಲವೂ ಸೇರಿಹೋಗುತ್ತಿತ್ತು. 2023ರಲ್ಲಿ ಕಾಯ್ದೆ ತಿದ್ದಿ, 2024ರಲ್ಲಿ ಹೊಸ ನಿಯಮ ತಂದ ಮೇಲೆ ಅದನ್ನೇ ಯು/ಎ 7+, 13+, 16+ ಅಂತ ಮೂರು ಭಾಗ ಮಾಡಿದ್ದಾರೆ. ಒಳ್ಳೆಯ ಕೆಲಸ. ಒಟಿಟಿಯಲ್ಲಿ, ಅಂದರೆ ಇಂಟರ್ನೆಟ್ಟಿನಲ್ಲಿ ಸಿನಿಮಾ ತೋರಿಸುವ ಆ್ಯಪ್‌ಗಳಲ್ಲಿ, 2021ರ ನಿಯಮ ಬಂದಾಗಿನಿಂದಲೇ ಈ ಲೆಕ್ಕ ಇದೆ. ಚಿತ್ರ ಶುರುವಾಗುವಾಗ ಮೂಲೆಯಲ್ಲಿ ನಂಬರಿನ ಜೊತೆ ಹಿಂಸೆ, ಬೈಗುಳ, ಮಾದಕವಸ್ತು ಅಂತ ಎರಡು ಮೂರು ಪದ ಬಂದು ಹೋಗುತ್ತವೆ. ನಾವು ಅಷ್ಟರಲ್ಲಿ ದಿಂಬು ಸರಿ ಮಾಡಿಕೊಳ್ಳುತ್ತಾ ಇರುತ್ತೇವೆ, ಯಾರೂ ಓದುವುದಿಲ್ಲ. ನಂಬರಿಗಿಂತ ಆ ಪದಗಳೇ ಮುಖ್ಯ. ಬೈಗುಳಕ್ಕೆ ಸಿಕ್ಕಿದ 13+ ಬೇರೆ, ರಕ್ತಕ್ಕೆ ಸಿಕ್ಕಿದ 13+ ಬೇರೆ. ನಮ್ಮ ಯಜಮಾನರಿಗೆ ಬೈಗುಳ ಕಿವಿಗೆ ಬಿದ್ದರೆ ಆಗುವುದಿಲ್ಲ (ಬಲಗಿವಿ ಚೆನ್ನಾಗೇ ಕೇಳುತ್ತದೆ), ಮೊಮ್ಮಗನಿಗೆ ರಕ್ತ ಆಗುವುದಿಲ್ಲ. ಹಳೆಯ ಚಿತ್ರಗಳ ಮೇಲೆ ಬರೀ ಯು/ಎ ಅಂತಿದ್ದರೆ ಅದನ್ನು ನಂಬಿ ಕೂರಬೇಡಿ.

ಇನ್ನೊಂದು ಮೋಸ ಇದೆ. "ಟಿವಿಯಲ್ಲಿ ನೋಡಿದ್ದೆ, ತುಂಬಾ ಚೆನ್ನಾಗಿತ್ತು" ಅಂತ ಯಾರೋ ಹೇಳುತ್ತಾರೆ. ಟಿವಿಗೆ ಬರುವಾಗ ಮಾತು ನುಂಗಿಸಿ, ದೃಶ್ಯ ಕತ್ತರಿಸಿ ಹಾಕಿರುತ್ತಾರೆ. ಅದೇ ಚಿತ್ರ ಒಟಿಟಿಯಲ್ಲಿ ನುಂಗಿದ್ದನ್ನೆಲ್ಲ ಕಕ್ಕಬಹುದು.

ಹಾಗಾಗಿ ನನ್ನ ಪದ್ಧತಿ ಒಂದೇ: ಅಕ್ಕಿ ಆರಿಸದೆ ಅನ್ನಕ್ಕಿಡುವುದಿಲ್ಲ. ಗುರುವಾರವೋ ಶುಕ್ರವಾರವೋ ಮಧ್ಯಾಹ್ನ, ಮಕ್ಕಳು ಸ್ಕೂಲಿನಲ್ಲಿರುವಾಗ, ಟ್ಯಾಬ್‌ನಲ್ಲಿ ಹಾಕಿಕೊಂಡು ಮುಂಚೆ ನಾನು ನೋಡುತ್ತೇನೆ. ಪೂರ್ತಿ ನೋಡಲು ಪುರುಸೊತ್ತಿಲ್ಲದವರು ಮೂರು ಜಾಗ ನೋಡಿದರೆ ಸಾಕು. ಮೊದಲ ಹತ್ತು ನಿಮಿಷ, ಇಂಟರ್ವಲ್‌ಗೆ ಮುಂಚಿನ ಹತ್ತು ನಿಮಿಷ, ಕೊನೆಯ ಇಪ್ಪತ್ತು ನಿಮಿಷ. ನಮ್ಮ ಸಿನಿಮಾದವರು ಹೊಡೆದಾಟ, ಸಾವು, ಅಳು ಎಲ್ಲವನ್ನೂ ಹೆಚ್ಚುಕಮ್ಮಿ ಅಲ್ಲೇ ಇಟ್ಟಿರುತ್ತಾರೆ. ಟ್ರೈಲರ್ ನೋಡಿ ತೀರ್ಮಾನಿಸುವುದು ಸೀರೆಯ ಸೆರಗು ಮಾತ್ರ ನೋಡಿ ಕೊಂಡ ಹಾಗೆ. ಐಎಂಡಿಬಿ ಅಂತ ಒಂದು ಜಾಲತಾಣ ಇದೆಯಲ್ಲ, ಅದರಲ್ಲಿ ಪ್ರತಿ ಚಿತ್ರಕ್ಕೂ 'ಪೇರೆಂಟ್ಸ್ ಗೈಡ್' ಅಂತ ಒಂದು ಪುಟ ಇರುತ್ತದೆ, ಹೆದರಿಸುವ ದೃಶ್ಯ, ಬೈಗುಳ, ಕುಡಿತ ಅಂತ ನೋಡಿದವರೇ ಬರೆದಿರುತ್ತಾರೆ. ನನಗೆ ತೋರಿಸಿಕೊಟ್ಟದ್ದು ಸೊಸೆ. ಇಂಗ್ಲಿಷ್ ಮತ್ತು ಹಿಂದಿ ಚಿತ್ರಗಳಿಗೆ ಉಪಯೋಗ. ಕನ್ನಡ ಚಿತ್ರಗಳಿಗೆ ಎಷ್ಟೋ ಸಲ ಖಾಲಿ ಪುಟ, ಅಲ್ಲಿ ಮಧ್ಯಾಹ್ನದ ನಿದ್ದೆ ಬಿಡುವುದೇ ದಾರಿ.

ಈಗ ಒಂದು ಮಾತು ನನ್ನ ವಯಸ್ಸಿನವರಿಗೆ. "ನಮ್ಮ ಕಾಲದ ಚಿತ್ರಗಳೆಲ್ಲ ಶುದ್ಧ, ಈಗಿನವೆಲ್ಲ ಕೆಟ್ಟವು" ಅಂತ ನಾನೂ ಎಷ್ಟೋ ಸಲ ಹೇಳಿದ್ದೇನೆ. ಮತ್ತೆ ಕೂತು ನೋಡಿದಾಗ ನಾಚಿಕೆಯಾಯಿತು. ಕ್ಲಬ್ಬಿನ ಕುಣಿತ ಇಲ್ಲದ ಚಿತ್ರ ಕಡಿಮೆ. ವಿಲನ್ ಹೆಣ್ಣುಮಗಳ ಸೆರಗಿಗೆ ಕೈಹಾಕುವ ದೃಶ್ಯವಂತೂ ಮಾಮೂಲು. ಬೇಡ ಅಂದವಳ ಹಿಂದೆ ಬಿದ್ದು ಹಾಡು ಹೇಳಿ ಒಪ್ಪಿಸುವುದೇ ಪ್ರೀತಿ. ಹೆಂಡತಿಗೆ ಕಪಾಳಕ್ಕೆ ಬಿಟ್ಟ ಮೇಲೆ ಅವಳಿಗೆ ಬುದ್ಧಿ ಬಂದು ಕಾಲಿಗೆ ಬೀಳುತ್ತಾಳೆ. ತೊದಲುವವರು, ದಪ್ಪಗಿರುವವರು, ಕಪ್ಪಗಿರುವವರು ಬಂದರೆ ನಗಬೇಕು. ಒಂದು ಸಲ ಅಂಥ ಕಪಾಳಮೋಕ್ಷದ ದೃಶ್ಯಕ್ಕೆ ಮೊಮ್ಮಗಳು ನಮ್ಮ ಯಜಮಾನರ ಕಡೆ ತಿರುಗಿ, "ತಾತಾ, ನೀವೂ ಅಜ್ಜಿಗೆ ಹೀಗೆ ಹೊಡೀತಿದ್ರಾ?" ಅಂತ ಕೇಳಿದಳು. ಅವರು ಕನ್ನಡಕ ಒರೆಸಿಕೊಳ್ಳಲು ಶುರುಮಾಡಿದರು. ಹೊಡೆದವರಲ್ಲ, ಪಾಪ. ಆದರೆ ಅದೇ ದೃಶ್ಯಕ್ಕೆ ಟಾಕೀಸಿನಲ್ಲಿ ಶಿಳ್ಳೆ ಹೊಡೆದವರಲ್ಲಿ ಅವರೂ ಇದ್ದರು, ನನಗೆ ನೆನಪಿದೆ. ಹಳೆಯದನ್ನೂ ಹೊಸದರಷ್ಟೇ ಆರಿಸಿ ಹಾಕಿ.

ಅಳುವ ಚಿತ್ರ ತೋರಿಸಬಾರದು ಅಂತಲ್ಲ. ಅಳಲಿ, ಒಟ್ಟಿಗೆ ಕೂತು ಅತ್ತರೆ ಎದೆ ಹಗುರಾಗುತ್ತದೆ. ಆದರೆ ಮುಂಚೆ ಹೇಳಿಬಿಡಿ. 2022ರ '777 ಚಾರ್ಲಿ' ಹಾಕಿದಾಗ ನಾನು ಮೊದಲೇ ಹೇಳಿದೆ, "ನಾಯಿಗೆ ಕ್ಯಾನ್ಸರ್ ಇರುತ್ತೆ, ಕೊನೆಗೆ ಉಳಿಯಲ್ಲ" ಅಂತ. ಮಗ ಸಿಡುಕಿದ, "ಅಮ್ಮಾ, ಕಥೆಯೆಲ್ಲ ಹೇಳಿಬಿಟ್ಯಲ್ಲ!" ಹೇಳಿದ್ದಕ್ಕೇ ಮಕ್ಕಳು ಕೊನೆಯವರೆಗೂ ಧೈರ್ಯವಾಗಿ ಕೂತರು. ಹಿಮ ತೋರಿಸಲು ಕರೆದುಕೊಂಡು ಹೋಗುವ ಭಾಗದಲ್ಲಿ ಹಾಲಿನಿಂದ ಎದ್ದು ಹೋಗಿ ಬಚ್ಚಲಮನೆಯಲ್ಲಿ ಮುಖ ತೊಳೆದುಕೊಂಡು ಬಂದವನು ನನ್ನ ಮಗನೇ. ಆದರೆ ಇದೇ ಚಿತ್ರವನ್ನು ನನ್ನ ತಂಗಿ ಮನೆಗೆ ಹೇಳಲಿಲ್ಲ. ಅವರ ನಾಯಿ ಸತ್ತು ಆಗಿನ್ನೂ ಒಂದು ತಿಂಗಳಾಗಿತ್ತು. ಜಾತಕ ಕೇಳುವುದು ಇದಕ್ಕೇ.

ಭಾಷೆಯ ವಿಷಯ. ಎಂಟು ವರ್ಷದ ಮಗು ಸಬ್‌ಟೈಟಲ್ ಓದಿ ಮುಗಿಸುವಷ್ಟರಲ್ಲಿ ಅದು ಹೋಗಿರುತ್ತದೆ, ನನ್ನ ಕಣ್ಣಿಗೂ ಅದೇ ಗತಿ. ಅದಕ್ಕೇ ಬೇರೆ ಭಾಷೆಯ ಚಿತ್ರ ಬಿಟ್ಟುಬಿಡಬೇಕಿಲ್ಲ, ಮಾತು ಕಡಿಮೆ ಇರುವಂಥದ್ದು ಆರಿಸಿ. ಇರಾನಿನ ಮಜೀದ್ ಮಜೀದಿಯವರ 1997ರ 'ಚಿಲ್ಡ್ರನ್ ಆಫ್ ಹೆವನ್' ಒಂದೂವರೆ ಗಂಟೆಯೂ ಇಲ್ಲ. ಅಣ್ಣ ತಂಗಿಯ ಶೂ ಕಳೆದುಹಾಕುತ್ತಾನೆ, ಅಪ್ಪನಿಗೆ ಹೇಳಲು ಭಯ, ಇಬ್ಬರೂ ಒಂದೇ ಜೊತೆಯನ್ನು ಹಂಚಿಕೊಳ್ಳುತ್ತಾರೆ. ಅವಳ ಸ್ಕೂಲು ಬೆಳಿಗ್ಗೆ, ಅವನದು ಮಧ್ಯಾಹ್ನ. ಅವಳು ಓಡಿ ಬಂದು ಗಲ್ಲಿಯಲ್ಲಿ ಶೂ ಬಿಚ್ಚಿಕೊಟ್ಟರೆ ಇವನು ಹಾಕಿಕೊಂಡು ಓಡುತ್ತಾನೆ. ನಾನು ನಡುನಡುವೆ ಎರಡೆರಡು ಮಾತಿನಲ್ಲಿ ಕಥೆ ಹೇಳುತ್ತಾ ಹೋದೆ. ಅರ್ಧ ಗಂಟೆ ಆದ ಮೇಲೆ ಮೊಮ್ಮಗ, "ಅಜ್ಜಿ, ಸುಮ್ನಿರು, ಅರ್ಥ ಆಗ್ತಿದೆ" ಅಂದ. ಓಟದ ಪಂದ್ಯದಲ್ಲಿ ಮೂರನೆಯ ಬಹುಮಾನ ಶೂ, ಹುಡುಗನಿಗೆ ಬೇಕಿರುವುದು ಮೂರನೆಯದೇ. ಅವನು ಫಸ್ಟ್ ಬಂದು ಅಳುತ್ತಾನೆ. ಫಸ್ಟ್ ಬಂದು ಅಳುವ ಹುಡುಗನನ್ನು ನಮ್ಮ ಮಕ್ಕಳು ಅಲ್ಲಿಯವರೆಗೆ ನೋಡಿರಲಿಲ್ಲ.

ಉದ್ದವೂ ನೋಡಿ. ಕನ್ನಡ ಚಿತ್ರ ಸಾಮಾನ್ಯವಾಗಿ ಎರಡೂವರೆ ಗಂಟೆ, 1972ರ 'ಬಂಗಾರದ ಮನುಷ್ಯ'ದಂಥದ್ದು ಸುಮಾರು ಮೂರು ಗಂಟೆ. ರಾತ್ರಿ ಊಟ ಮಾಡಿ ಎಂಟೂವರೆಗೆ ಶುರುಮಾಡಿದರೆ ಅರ್ಧ ಮನೆ ಗೊರಕೆ ಹೊಡೆಯುತ್ತದೆ. ನಾವು ಆರಕ್ಕೇ ಶುರು. ಮೊದಲರ್ಧಕ್ಕೆ ಚುರುಮುರಿ, ಈರುಳ್ಳಿ ಸಣ್ಣಗೆ ಹೆಚ್ಚಿ, ಕ್ಯಾರೆಟ್ ತುರಿದು, ಕೊಬ್ಬರಿ ಎಣ್ಣೆ ಎರಡು ಹನಿ ಹಾಕಿ ಕಲಸಿದ್ದು. ಖಾರ ಮಾತ್ರ ಕಡಿಮೆ, ಇಲ್ಲದಿದ್ದರೆ ನೀರು ನೀರು ಅಂತ ಎದ್ದು ಓಡಾಡುತ್ತಾರೆ. ಇಂಟರ್ವಲ್‌ಗೆ ನಿಲ್ಲಿಸಿ ಊಟ, ಸಾರು ಅನ್ನ, ಮೊಸರನ್ನ. ಮಕ್ಕಳು ತಟ್ಟೆಯ ಮುಂದೆ, "ಮುಂದೆ ಏನಾಗುತ್ತೆ?" ಅಂತ ವಾದ ಮಾಡುತ್ತಾರೆ. ಸಿನಿಮಾಕ್ಕಿಂತ ಈ ಅರ್ಧ ಗಂಟೆಯೇ ನನಗೆ ಇಷ್ಟ. ಮೂರು ಗಂಟೆಯ ಚಿತ್ರವಾದರೆ ಉಳಿದರ್ಧ ಭಾನುವಾರ ನೋಡಿ, ಯಾರೂ ಜೈಲಿಗೆ ಹಾಕುವುದಿಲ್ಲ.

ಕಿವಿ ಕೇಳದವರು ಮನೆಯಲ್ಲಿದ್ದರೆ ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಮಾತು ಸ್ಪಷ್ಟವಾಗಿಸುವ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಕುರ್ಚಿಯನ್ನು ಸ್ಪೀಕರಿನ ಹತ್ತಿರ ಎಳೆಯಿರಿ. ಅವರಿಗೋಸ್ಕರ ವಾಲ್ಯೂಮ್ ಏರಿಸಿದರೆ ಹಾಡು ಬಂದಾಗ ಪಕ್ಕದ ಮನೆಯವರೂ ನಮ್ಮ ಕುಟುಂಬದವರೇ ಆಗಿಬಿಡುತ್ತಾರೆ.

ಎಲ್ಲರನ್ನೂ ಕರೆದು ಕೂರಿಸಿ ಆಮೇಲೆ ಟಿವಿ ಹಾಕಿ ಹುಡುಕಬೇಡಿ. ಒಟಿಟಿ ತೆರೆದ ತಕ್ಷಣ ಕತ್ತಿ, ಬಂದೂಕು, ಅರೆಬೆತ್ತಲೆ ಪೋಸ್ಟರುಗಳ ಸಂತೆ, ಕೆಲವು ತಾವೇ ಓಡತೊಡಗುತ್ತವೆ. ಆ ತಾನೇ ಓಡುವುದನ್ನು ಸೆಟ್ಟಿಂಗ್‌ನಲ್ಲಿ ನಿಲ್ಲಿಸಬಹುದು, ದೊಡ್ಡವರ ಪ್ರೊಫೈಲಿಗೆ ಪಿನ್ ಹಾಕಬಹುದು. 13+ ಮತ್ತು ಮೇಲಿನದಕ್ಕೆ ಬೀಗ ಹಾಕುವ ಅನುಕೂಲ ಕೊಡಲೇಬೇಕು ಅಂತ ನಿಯಮವೇ ಇದೆ. ಪಿನ್ ಮಾತ್ರ ನಿಮ್ಮ ಹುಟ್ಟಿದ ವರ್ಷ ಇಡಬೇಡಿ, ನಮ್ಮನೆಯಲ್ಲಿ ಎರಡೇ ದಿನಕ್ಕೆ ಸಿಕ್ಕಿಬಿತ್ತು. ನಾನು ಚಿತ್ರವನ್ನು ಮೊದಲ ಫ್ರೇಮಿಗೆ ತಂದು ನಿಲ್ಲಿಸಿಟ್ಟು ಆಮೇಲೆ, "ಬನ್ರೋ" ಅಂತ ಕೂಗುತ್ತೇನೆ. ಯೂಟ್ಯೂಬಿನಲ್ಲಿ ಹಳೆಯ ಕನ್ನಡ ಚಿತ್ರ ಬೇಕಾದಷ್ಟು ಸಿಗುತ್ತವೆ, ಆದರೆ ತ್ಯಾಗರಾಜರ ಕೀರ್ತನೆಯ ನಡುವೆ ಜೂಜಾಟದ ಜಾಹೀರಾತು ಬಂದರೆ ಕೈಯಲ್ಲಿ ರಿಮೋಟ್ ಇರಬೇಕು.

ಇಷ್ಟೆಲ್ಲ ಮಾಡಿದರೂ ಒಂದೊಂದು ಸಲ ಮುಜುಗರದ ದೃಶ್ಯ ಬಂದೇ ಬರುತ್ತದೆ. ಆಗ ಯಾರೋ ಕೆಮ್ಮುವುದು, ಯಾರೋ ಗ್ಯಾಸ್ ಆರಿಸಿದ್ದೇನಾ ಅಂತ ಏಳುವುದು, ಇನ್ನೊಬ್ಬರು ರಿಮೋಟಿನ ಮೇಲೆ ಹದ್ದಿನಂತೆ ಎರಗುವುದು. ಎರಗಿದ ತಕ್ಷಣ ಮಗುವಿಗೆ ಗೊತ್ತಾಗುತ್ತದೆ, ಇಲ್ಲಿ ಏನೋ ಇದೆ ಅಂತ. ಸುಮ್ಮನೆ, "ಇದು ಬೇಡ, ಮುಂದೆ ಹೋಗೋಣ" ಅಂತ ಹೇಳಿ ಹತ್ತು ಸೆಕೆಂಡಿನ ಗುಂಡಿಯನ್ನು ಮೂರು ಸಲ ಒತ್ತಿ. ಕೆಮ್ಮಬೇಡಿ.

ಫೋನುಗಳೆಲ್ಲ ಅಕ್ಕಿ ಮೊರಕ್ಕೆ. ಈ ಕಾನೂನು ಮುರಿಯುವವನು ನನ್ನ ಮಗನೊಬ್ಬನೇ, ಆಫೀಸು ಅನ್ನುತ್ತಾನೆ.

ಆರಿಸುವ ಹಕ್ಕು ಒಬ್ಬರದೇ ಆದರೆ ಈ ಪದ್ಧತಿ ಮೂರು ವಾರ ಬಾಳುವುದಿಲ್ಲ. ನಮ್ಮ ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಈ ಶನಿವಾರ ಯಾರ ಸರದಿ ಅಂತ ಬರೆದಿರುತ್ತದೆ. ಸರದಿಯವರು ಹೆಸರು ಹೇಳಬೇಕು, ನಾನು ಮುಂಚೆ ನೋಡುತ್ತೇನೆ. ಉಳಿದವರಿಗೆ ತಿಂಗಳಿಗೆ ಒಂದೇ ಒಂದು "ಬೇಡ" ಅನ್ನುವ ಅವಕಾಶ. ಕಾರಣ ಕೇಳುವ ಹಾಗಿಲ್ಲ. 14ರ ಹುಡುಗಿಗೆ ಇದು ಬಹಳ ಮುಖ್ಯ. ಅವಳ ಆಯ್ಕೆಗೆ ನಾವು ಬೆಲೆ ಕೊಡದಿದ್ದರೆ ಅವಳು ತನ್ನ ಕೋಣೆಯಲ್ಲಿ ಬೇರೇನೋ ನೋಡುತ್ತಾಳೆ, ಅಲ್ಲಿ ಅಕ್ಕಿ ಆರಿಸುವವರು ಯಾರೂ ಇರುವುದಿಲ್ಲ. ಜಪಾನಿನ 'ಮೈ ನೇಬರ್ ಟೊಟೊರೊ' ತಂದವಳು ಅವಳೇ. ಕಾರ್ಟೂನು ಅಂತ ಮೂಗು ಮುರಿದ ನಾನು ಆ ಮಳೆಯಲ್ಲಿ ಬಸ್ ಕಾಯುವ ದೃಶ್ಯವನ್ನು ಮತ್ತೊಮ್ಮೆ ಹಾಕಿಸಿಕೊಂಡು ನೋಡಿದೆ.

ಚಿತ್ರ ಮುಗಿದ ಕೂಡಲೇ, "ಇದರಿಂದ ಏನು ನೀತಿ ಕಲಿತೆ?" ಅಂತ ಮಾತ್ರ ಕೇಳಬೇಡಿ, ಕೈಮುಗಿಯುತ್ತೇನೆ. ಪರೀಕ್ಷೆ ಇದೆ ಅಂತ ಗೊತ್ತಾದರೆ ಮುಂದಿನ ವಾರ ಯಾರೂ ಕೂರುವುದಿಲ್ಲ. 1985ರ 'ಬೆಟ್ಟದ ಹೂವು' ನೋಡಿದೆವು, ಪುನೀತ್‌ಗೆ ರಾಷ್ಟ್ರಪ್ರಶಸ್ತಿ ತಂದದ್ದು. ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕು ಅಂತ ಹುಡುಗ ಹೂ ತಂದುಕೊಟ್ಟು ಕಾಸಿಗೆ ಕಾಸು ಸೇರಿಸುತ್ತಾನೆ. ಕೊನೆಗೆ ಮನೆಯವರು ಚಳಿಯಲ್ಲಿ ನಡುಗುವುದನ್ನು ನೋಡಲಾರದೆ ಕಂಬಳಿ ಕೊಳ್ಳುತ್ತಾನೆ. ನಾನು ಕಣ್ಣೊರೆಸಿಕೊಳ್ಳುತ್ತಾ ಸುಮ್ಮನೆ ಕೂತಿದ್ದೆ. ಮೊಮ್ಮಗ ಬಹಳ ಹೊತ್ತು ಯೋಚಿಸಿ, "ಪುಸ್ತಕನ ಇಎಂಐನಲ್ಲಿ ತಗೋಬಹುದಿತ್ತಲ್ಲ?" ಅಂದ. ಎಲ್ಲರೂ ನಕ್ಕೆವು. ನಾಲ್ಕು ದಿನ ಬಿಟ್ಟು, ನಾನು ಪಲ್ಯಕ್ಕೆ ಹುರುಳಿಕಾಯಿ ಮುರಿಯುತ್ತಿದ್ದಾಗ ಬಂದು, "ಆಮೇಲೆ ಅವನಿಗೆ ಯಾರಾದ್ರೂ ಆ ಪುಸ್ತಕ ಕೊಟ್ರಾ ಅಜ್ಜಿ?" ಅಂತ ಕೇಳಿದ. ನಮ್ಮನೆ ಕಪಾಟಿನಲ್ಲಿದ್ದ ಪ್ರತಿಯನ್ನು ತೆಗೆದು ಅವನ ಕೈಗೆ ಕೊಟ್ಟೆ. "ಇಷ್ಟು ದಪ್ಪನಾ!" ಅಂತ ವಾಪಸ್ ಇಟ್ಟುಬಿಟ್ಟ.

ಈ ಶನಿವಾರ ನಮ್ಮ ಯಜಮಾನರ ಸರದಿ. ಕ್ಯಾಲೆಂಡರಿನಲ್ಲಿ ಮತ್ತೆ 'ಕಸ್ತೂರಿ ನಿವಾಸ' ಅಂತ ಬರೆದಿದ್ದಾರೆ, ಇದು ನಾಲ್ಕನೆಯ ಸಲ. ಅದೂ 1971ರ ಕಪ್ಪುಬಿಳುಪೇ ಆಗಬೇಕಂತೆ, 2014ರಲ್ಲಿ ಬಣ್ಣ ಹಚ್ಚಿ ಬಿಟ್ಟದ್ದು ಬೇಡವಂತೆ. ಮೊಮ್ಮಗಳ ಈ ತಿಂಗಳ "ಬೇಡ" ಇನ್ನೂ ಬಾಕಿ ಇದೆ. ಅವಳು ಪೆನ್ಸಿಲ್ ಹಿಡಿದು ಕ್ಯಾಲೆಂಡರಿನ ಮುಂದೆ ನಿಂತಿದ್ದನ್ನು ಬೆಳಿಗ್ಗೆ ನೋಡಿದೆ. ಏನೂ ಬರೆಯದೆ ಸ್ಕೂಲಿಗೆ ಹೋದಳು. ನಾನು ಈ ವಾರ ಮಧ್ಯಾಹ್ನ ನಿದ್ದೆ ಮಾಡಬಹುದು.